ಅಪ್ಪನ ಎದೆಯ ನೀರಿಗೆ ಸೋಂಕಾಗಿದೆ, ಟ್ಯೂಬ್ ಯಾಕೆ ಹಾಕುತ್ತಿಲ್ಲ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ಎರಡು ವರ್ಷದಿಂದ ಲಿವರ್ ಸಿರೋಸಿಸ್ ಇದೆ. ಶುಗರ್ ಇದೆ, ಜೀವಮಾನದಲ್ಲಿ ಕುಡಿದವರಲ್ಲ. ಹೋದ ವಾರ ಜ್ವರ ಬಂದು ಏದುಸಿರು ಜಾಸ್ತಿಯಾಯಿತು, ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಬಲಗಡೆ ಎದೆಯಲ್ಲಿ ನೀರು ತುಂಬಿ ಸೋಂಕಾಗಿದೆಯಂತೆ. ಸೂಜಿ ಹಾಕಿ ಸ್ವಲ್ಪ ತೆಗೆದರು, ಈಗ ಬರೀ ಇಂಜೆಕ್ಷನ್. ನ್ಯುಮೋನಿಯಾ ಆಗಿದ್ದ ನಮ್ಮ ಮಾವನಿಗೆ ಟ್ಯೂಬ್ ಹಾಕಿ ಕೀವು ತೆಗೆದಿದ್ದರು. ಅಪ್ಪನಿಗೆ ಯಾಕಿಲ್ಲ? ನಾವು ಒತ್ತಾಯ ಮಾಡಬೇಕಾ?
– ಓದುಗರು, ಮಲ್ಪೆ

ಉತ್ತರ: ದಯವಿಟ್ಟು ಒತ್ತಾಯ ಮಾಡಬೇಡಿ. ಟ್ಯೂಬ್ ಹಾಕದೆ ಇರುವುದೇ ಇಲ್ಲಿ ಸರಿಯಾದ ಚಿಕಿತ್ಸೆ.

ಮಾವನಿಗೆ ಆಗಿದ್ದು, ಅಪ್ಪನಿಗೆ ಆಗಿರುವುದು, ಎರಡಕ್ಕೂ ಎಂಪೈಮಾ (ಎದೆಯೊಳಗೆ ಸೋಂಕಾದ ನೀರು ಅಥವಾ ಕೀವು) ಅಂತಲೇ ಹೆಸರು, ಅದಕ್ಕೇ ಗೊಂದಲ. ನಿಮ್ಮ ಮಾವನಿಗೆ ಶ್ವಾಸಕೋಶದ ಸೋಂಕು ಹೊರಗೆ ಹರಡಿ ದಪ್ಪ ಕೀವು ಕಟ್ಟಿತ್ತು, ಅದನ್ನು ತೆಗೆಯಲೇಬೇಕು. ಅಪ್ಪನದು ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ತುಂಬುವ ನೀರು. ಹೊಟ್ಟೆಗೂ ಎದೆಗೂ ನಡುವೆ ಇರುವ ವಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ನಾವು ಉಸಿರು ಎಳೆದಾಗಲೆಲ್ಲ ಎದೆ ಆ ನೀರನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ, ಜಾಸ್ತಿ ಜನರಲ್ಲಿ ಬಲಗಡೆಯೇ. ಆ ನೀರಿನಲ್ಲಿ ರೋಗಾಣುವನ್ನು ತಡೆಯುವ ಪ್ರೊಟೀನ್ ಕಡಿಮೆ. ಕರುಳಿನಿಂದ ರಕ್ತಕ್ಕೆ ದಾಟಿದ ಬ್ಯಾಕ್ಟೀರಿಯಾ ಅಲ್ಲಿ ಸುಲಭವಾಗಿ ಬೆಳೆಯುತ್ತದೆ. ನ್ಯುಮೋನಿಯಾ ಇರುವುದಿಲ್ಲ, ಎಷ್ಟೋ ಸಲ ನೀರು ನೋಡಲು ತಿಳಿಯಾಗಿಯೇ ಇರುತ್ತದೆ.

ಇದಕ್ಕೆ ಟ್ಯೂಬ್ ಹಾಕುವುದು ಜೋರು ಮಳೆಯ ಆಟಿ ತಿಂಗಳಲ್ಲಿ ಬಾವಿ ಬತ್ತಿಸಲು ಪಂಪ್ ಇಟ್ಟ ಹಾಗೆ. ಎಷ್ಟು ತೆಗೆದರೂ ಒರತೆ ಬರುತ್ತಲೇ ಇರುತ್ತದೆ. ಅದರ ಜೊತೆ ಮೈಯ ಪ್ರೊಟೀನ್, ಉಪ್ಪಿನಂಶ ಎಲ್ಲ ಹೋಗಿ ಬಿಪಿ ಇಳಿಯುತ್ತದೆ, ಕಿಡ್ನಿ ಕೈಕೊಡುತ್ತದೆ, ಹಾಕಿದ ಟ್ಯೂಬನ್ನು ತೆಗೆಯಲೂ ಆಗದ ಸ್ಥಿತಿ ಬರುತ್ತದೆ. ಸೂಜಿಯಲ್ಲಿ ನಿಜವಾದ ಕೀವೇ ಬಂದರೆ ಮಾತ್ರ ಬೇರೆ ಮಾತು.

ನೀವು ಕೇಳಬೇಕಾದದ್ದು ಆ ನೀರಿನ ರಿಪೋರ್ಟ್. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 500ಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಕಲ್ಚರಿನಲ್ಲಿ, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಬೆಳೆದು ಎಣಿಕೆ 250 ದಾಟಿದ್ದರೆ ಸೋಂಕು ಖಚಿತ. ಹೊಟ್ಟೆಯ ನೀರು ಚೆನ್ನಾಗಿದ್ದು ಎದೆಯದ್ದಕ್ಕೆ ಮಾತ್ರ ಸೋಂಕಾಗಿರುವುದು ಅಪರೂಪವಲ್ಲ, ಹಾಗಾಗಿ ಹೊಟ್ಟೆಯದ್ದನ್ನು ಮಾತ್ರ ಪರೀಕ್ಷಿಸಿ ಸುಮ್ಮನಾದರೆ ಕಾಯಿಲೆ ತಪ್ಪಿಹೋಗುತ್ತದೆ. ಅಪ್ಪನಿಗೆ ಎದೆಗೇ ಸೂಜಿ ಹಾಕಿ ನೋಡಿದ್ದಾರೆ, ನನಗೆ ಸಮಾಧಾನವಾಯಿತು. ಸೆಫ್ಟ್ರಿಯಾಕ್ಸೋನ್‌ನಂತಹ ಇಂಜೆಕ್ಷನ್ ಸಾಮಾನ್ಯವಾಗಿ 7ರಿಂದ 10 ದಿನ. ಕಿಡ್ನಿ ಕಾಪಾಡಲು ಆಲ್ಬುಮಿನ್ (ರಕ್ತದ ಪ್ರೊಟೀನ್) ಬಾಟಲಿ ಬೇಕಾ ಅಂತ ಕೇಳಿ, ಅದು ದುಬಾರಿ, ಆದರೂ ಕೇಳಿ. ಎರಡು ದಿನದಲ್ಲಿ ಜ್ವರ, ಏದುಸಿರು ಇಳಿಯದಿದ್ದರೆ ಮತ್ತೊಮ್ಮೆ ಸೂಜಿ ಹಾಕಿ ನೋಡಬೇಕಾಗುತ್ತದೆ, ಹೆದರಬೇಡಿ.

ಕುಡಿಯದವರಿಗೂ ಸಿರೋಸಿಸ್ ಬರುತ್ತದೆ. ಶುಗರ್ ಜೊತೆ ಬರುವ ಫ್ಯಾಟಿ ಲಿವರ್ ಅಥವಾ ಹೆಪಟೈಟಿಸ್ ಬಿ ಇದ್ದರೂ ಬರಬಹುದು. ವಾರ್ಡಿಗೆ ನೋಡಲು ಬಂದವರು ಅಪ್ಪನ ಎದುರೇ ಕುಡಿತದ ಮಾತು ತೆಗೆದರೆ ಅಲ್ಲೇ ನಿಲ್ಲಿಸಿ, ಆ ಮಾತಿನಿಂದ ರೋಗಿ ಎಷ್ಟು ಕುಗ್ಗುತ್ತಾರೆ ಅಂತ ನಾನು ಕಂಡಿದ್ದೇನೆ.

ಮನೆಗೆ ಬಂದ ಮೇಲೆ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ ಉಪ್ಪು, ಅಷ್ಟೇ. ಗಂಜಿಗೆ ಉಪ್ಪಿನಕಾಯಿ, ಒಣಮೀನು, ಉಪ್ಪಡ್ ಪಚ್ಚಿಲ್ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಬೇಡ. ಮೊಟ್ಟೆ, ತಾಜಾ ಮೀನು ನಿಲ್ಲಿಸಬೇಡಿ, ಅವರಿಗೆ ಪ್ರೊಟೀನ್ ಬೇಕು. ಮೈಕೈ ನೋವಿಗೆ ಅಂತ ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ, ಕಿಡ್ನಿಗೆ ಅದು ವಿಷ.

ಒಂದು ಮಾತು ಮುಚ್ಚಿಡುವುದಿಲ್ಲ. ಇದು ಜೀವಕ್ಕೆ ಅಪಾಯ ಇರುವ ಸೋಂಕು, ಲಿವರ್ ತುಂಬಾ ಸೋತಿದೆ ಎಂಬುದರ ಗುರುತು. ಗುಣವಾಗಿ ಮನೆಗೆ ಹೋಗುವವರೂ ಬಹಳ ಇದ್ದಾರೆ, ಆದರೆ ಮತ್ತೆ ಬರಬಹುದು. ಹಾಗಾಗಿ ಡಿಸ್ಚಾರ್ಜ್‌ಗೆ ಮೊದಲೇ ಲಿವರ್ ಕಸಿಯ ಬಗ್ಗೆ ಮಾತಾಡಿ. ಮನೆಯವರೇ ಲಿವರಿನ ಭಾಗ ಕೊಡಬಹುದು, ಇಲ್ಲವೇ ಕಸಿ ಮಾಡುವ ಆಸ್ಪತ್ರೆಯ ಮೂಲಕ ನಮ್ಮ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಬಹುದು. ಅಷ್ಟರವರೆಗೆ ಅಪ್ಪನ ಮಾತು ತಡವರಿಸಿದರೆ, ಹಗಲೆಲ್ಲ ಮಂಪರು ಅನಿಸಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ನರ್ಸನ್ನು ಎಬ್ಬಿಸಿ ಹೇಳಿ.