ಪೆನಿಸಿಲಿನ್ ಬರುವ ಮೊದಲು ಹೃದಯದ ಉರಿಯೂತಕ್ಕೆ ಏನು ಚಿಕಿತ್ಸೆ ಕೊಡ್ತಿದ್ದರು?

ಮೊದಮೊದಲು ಮುಖ್ಯವಾಗಿ ರಕ್ತ ತೆಗೆಯುತ್ತಿದ್ದರು. ರುಮ್ಯಾಟಿಕ್ ಜ್ವರವನ್ನೇ ತಗೊಳ್ಳಿ. ಮಗುವಿಗೆ ಗಂಟಲು ನೋವು ಬಂದು ಹೋಗುತ್ತದೆ, ಎರಡು ಮೂರು ವಾರ ಬಿಟ್ಟು ಜ್ವರ ಬಂದು ಮಂಡಿ, ಮಣಿಕಟ್ಟು ಒಂದಾದ ಮೇಲೊಂದು ಊದಿಕೊಳ್ಳುತ್ತವೆ, ಎಷ್ಟೋ ಸಲ ಅಷ್ಟರಲ್ಲಿ ಹೃದಯದ ಕವಾಟಕ್ಕೂ ಉರಿಯೂತ ತಗುಲಿರುತ್ತದೆ. ಈ ಕೀಲುನೋವಿಗೂ ಹೃದಯಕ್ಕೂ ಇರುವ ನಂಟನ್ನು 1836ರಲ್ಲಿ ಒತ್ತಿ ಹೇಳಿದವರು ಪ್ಯಾರಿಸ್‌ನ ವೈದ್ಯ ಬುಯೋ. ಆಗ ಸ್ಟೆತೊಸ್ಕೋಪ್ ಬಂದು ಸುಮಾರು ಇಪ್ಪತ್ತು ವರ್ಷ ಅಷ್ಟೇ. ಎದೆಗೆ ಅದನ್ನಿಟ್ಟರೆ 'ಲಬ್-ಡಬ್' ನಡುವೆ ತಿದಿ ಊದಿದಂಥ ಸದ್ದು ಕೇಳುತ್ತಿತ್ತು, ಅದೇ ಸುಳಿವು. ಎಂಥ ಸೂಕ್ಷ್ಮ ಕಿವಿ ಅಲ್ವಾ? ಆದರೆ ಅವರ ಚಿಕಿತ್ಸೆ ಮಾತ್ರ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರಕ್ತ ಹರಿಸುವುದು. ಮೊದಲೇ ಸೋತ ರೋಗಿ ಇನ್ನೂ ಸೊರಗುತ್ತಿದ್ದ. ಓದಿದಾಗ ಸಂಕಟವಾಗುತ್ತದೆ.

1874ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಮ್ಯಾಕ್ಲಗನ್, ವಿಲೋ ಮರದ ತೊಗಟೆಯಿಂದ ಬರುವ ಸ್ಯಾಲಿಸಿನ್ ಕೊಟ್ಟು ನೋಡಿದರು. ಜ್ವರ ಇಳಿಯಿತು, ಕೀಲುನೋವು ಬೇಗ ಕಡಿಮೆಯಾಯಿತು. ಕವಾಟ ಮಾತ್ರ ಉಳಿಯಲಿಲ್ಲ.

ಗಂಟಲಿನ ಸ್ಟ್ರೆಪ್ಟೊಕಾಕಸ್‌ನಿಂದಲೇ ಇದೆಲ್ಲ ಶುರುವಾಗುತ್ತದೆ ಅನ್ನುವುದು 1930ರ ದಶಕದಲ್ಲಿ ಗಟ್ಟಿಯಾಯಿತು. ಆ ರೋಗಾಣುವಿಗೆ ದೇಹ ತೋರುವ ಪ್ರತಿರೋಧವೇ ತಿರುಗಿ ಹೃದಯಕ್ಕೆ ಹೊಡೆಯುತ್ತದೆ. ಆಮೇಲೆ ಪೆನಿಸಿಲಿನ್ ಬಂತು. ಅದೂ ಹಾಳಾದ ಕವಾಟವನ್ನು ಸರಿಮಾಡುವುದಿಲ್ಲ, ರೋಗ ಮರುಕಳಿಸದಂತೆ ತಡೆಯುತ್ತದೆ. ಅದಕ್ಕೇ ಈಗಲೂ ಈ ರೋಗಿಗಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ನೋವಾಗುತ್ತದೆ ಅಂತ ದಯವಿಟ್ಟು ಅದನ್ನು ತಪ್ಪಿಸಬೇಡಿ.