ಗೃಹಸಾಲ ಇನ್ನು ಆರು ಕಂತಿಗೆ ತೀರುತ್ತದೆ. ಆಮೇಲೆ ಆ ದುಡ್ಡನ್ನು ಏನು ಮಾಡಲಿ?

ವಯಸ್ಸು 47, ಮನೆ ಬೆಂಗಳೂರಿನಲ್ಲಿ, ತಿಂಗಳ ಕಂತು ₹35,000, ಇನ್ನು ಆರು ಬಾಕಿ ಎಂದು ಬರೆದಿದ್ದೀರಿ. ದುಡ್ಡಿನ ವಿಷಯಕ್ಕೆ ಬರುತ್ತೇನೆ, ಮೊದಲು ಕಾಗದಪತ್ರ ನೋಡೋಣ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಮನೆ ಋಣಮುಕ್ತವಾಗುವುದಿಲ್ಲ.

ಎಫ್‌ಡಿ ಮುರಿದು ಈಗಲೇ ಪೂರ್ತಿ ಕಟ್ಟಿಬಿಡಲೇ ಎಂದೂ ಕೇಳಿದ್ದೀರಿ. ಬೇಡ. 8.5% ದರ ಎಂದಿಟ್ಟುಕೊಂಡರೂ ಉಳಿದ ಆರು ಕಂತುಗಳಲ್ಲಿ ಬಡ್ಡಿಯ ಪಾಲು ಒಟ್ಟು ಐದು ಸಾವಿರದ ಆಸುಪಾಸು ಮಾತ್ರ. ಉಳಿತಾಯ ಅಷ್ಟೇ.

ಕೊನೆಯ ಕಂತಿನ ಹಿಂದಿನ ತಿಂಗಳು ಬ್ಯಾಂಕಿನಿಂದ, ಇನ್ನೆಷ್ಟು ಬಾಕಿ ಎಂದು ತೋರಿಸುವ ಕ್ಲೋಷರ್ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ನಡುವೆ ಬಡ್ಡಿದರ ಏರಿಳಿದಿರುವುದರಿಂದ ಕೊನೆಯಲ್ಲಿ ನೂರಿನ್ನೂರು ರೂಪಾಯಿ ಬಾಕಿ ಉಳಿಯುವುದು ಸಾಮಾನ್ಯ. ಅದು ಉಳಿದರೆ ಸಾಲದ ಖಾತೆ ತೆರೆದೇ ಇರುತ್ತದೆ, ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಲ್ಲಿ ತಡ ಪಾವತಿ ಎಂದು ಬೀಳಲೂಬಹುದು. ಸೊನ್ನೆ ಆದಮೇಲೆ ಬಾಕಿ ಇಲ್ಲವೆಂಬ ನೋ ಡ್ಯೂಸ್ ಪತ್ರ ಪಡೆದು, ಅದರಲ್ಲಿ ಸಾಲದ ಸಂಖ್ಯೆ, ಸಹ-ಸಾಲಗಾರರ ಹೆಸರು, ಮನೆಯ ವಿಳಾಸ ಸರಿ ಇವೆಯೇ ನೋಡಿ. ಉಳಿತಾಯ ಖಾತೆಯಲ್ಲಿರುವ ನ್ಯಾಚ್ ಮ್ಯಾಂಡೇಟ್ (ಕಂತು ತಾನಾಗಿ ಕಡಿತವಾಗಲು ಕೊಟ್ಟ ಅನುಮತಿ) ರದ್ದು ಮಾಡಿಸಿ, ಭದ್ರತೆಗೆ ಕೊಟ್ಟ ಚೆಕ್ಕುಗಳನ್ನು ವಾಪಸ್ ಕೇಳಿ.

ಮೂಲ ಪತ್ರಗಳನ್ನು ಹಿಂದಿರುಗಿಸಲು ಬ್ಯಾಂಕಿಗೆ 30 ದಿನ ಕಾಲಾವಕಾಶವಿದೆ. 2023ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಈ ನಿಯಮ ಆ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ಪತ್ರ ಕಳೆದುಹೋಗಿದ್ದರೆ ದೃಢೀಕೃತ ನಕಲು ಕೊಡಿಸುವುದೂ ಅದರ ಖರ್ಚೂ ಬ್ಯಾಂಕಿನದೇ, ಅದಕ್ಕೆ ಇನ್ನೂ 30 ದಿನ ಸಿಗುತ್ತದೆ. ಪತ್ರಗಳು ಎಷ್ಟೋ ಸಲ ಬೇರೆ ಊರಿನ ಉಗ್ರಾಣದಲ್ಲಿರುತ್ತವೆ, ಆದ್ದರಿಂದ ಅರ್ಜಿಯನ್ನು ಮುಂಚೆಯೇ ಹಾಕಿಡಿ. ಸಾಲ ಪಡೆದಾಗ ಕೊಟ್ಟ ದಾಖಲೆಗಳ ಪಟ್ಟಿ ಹಿಡಿದು ಕ್ರಯಪತ್ರ, ಮದರ್ ಡೀಡ್ (ಆಸ್ತಿಯ ಹಿಂದಿನ ಮೂಲಪತ್ರ), ಖಾತಾ, ಮಂಜೂರಾದ ನಕ್ಷೆ ಎಲ್ಲವನ್ನೂ ಕೌಂಟರಿನಲ್ಲೇ ಪುಟ ಎಣಿಸಿ ನೋಡಿ. ಸಹಿ ಹಾಕಿ ಮನೆಗೆ ಬಂದಮೇಲೆ "ಒಂದು ಪತ್ರ ಇಲ್ಲ" ಎಂದರೆ ವಾದ ಕಷ್ಟ. ಸಹ-ಸಾಲಗಾರರೂ ಬರಬೇಕೆಂದು ಬ್ಯಾಂಕುಗಳು ಕೇಳುವುದುಂಟು. ಅವರು ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಬೇಕಾಗಬಹುದು, ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ.

ಹೆಚ್ಚು ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸಾಲ ಪಡೆಯುವಾಗ ಹಕ್ಕುಪತ್ರ ಠೇವಣಿಯ ಕರಾರನ್ನು, ಅಂದರೆ ಎಂಒಡಿಟಿಯನ್ನು, ನೋಂದಣಿ ಮಾಡಿಸಿದ್ದರೆ ಅದು ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ, ಕೂತಿರುತ್ತದೆ. ಪತ್ರಗಳು ನಿಮ್ಮ ಬೀರುವಿಗೆ ಬಂದರೂ ಆ ನಮೂದು ತಾನಾಗಿ ಇತ್ಯರ್ಥವಾಗುವುದಿಲ್ಲ. ಬ್ಯಾಂಕಿನ ಅಧಿಕೃತ ಅಧಿಕಾರಿಯಿಂದ ಬಿಡುಗಡೆ ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆಮೇಲೆ ರಾಜ್ಯದ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಹೊಸ ಇಸಿ ತೆಗೆದು ನೋಡಿ: ಹಳೆಯ ಅಡಮಾನದ ಸಾಲು ಹಾಗೇ ಇರುತ್ತದೆ, ಬಿಡುಗಡೆಯ ಸಾಲು ಹೊಸದಾಗಿ ಸೇರಿರಬೇಕು. ಇದನ್ನು ಈಗಲೇ ಮುಗಿಸಿ. ಹತ್ತು ವರ್ಷದ ನಂತರ ಮಾರಲು ಹೊರಟಾಗ ಆ ಶಾಖೆ ಬೇರೊಂದರಲ್ಲಿ ವಿಲೀನವಾಗಿ, ಹಳೆಯ ಕಡತ ಹುಡುಕುವವರೇ ಇರುವುದಿಲ್ಲ. ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲಿ ಅಡಮಾನ ತೀರಿದೆ ಎಂದು ಬ್ಯಾಂಕೇ ನಮೂದಿಸಬೇಕು. ಅದನ್ನೂ, ಒಂದೆರಡು ತಿಂಗಳ ನಂತರ ಸಿಬಿಲ್ ವರದಿಯನ್ನೂ ಪರಿಶೀಲಿಸಿ. ಪೂರ್ಣ ವರದಿ ವರ್ಷಕ್ಕೊಮ್ಮೆ ಉಚಿತ. ಇ-ಖಾತಾ ಆಗಿರದಿದ್ದರೆ ಇದೇ ಓಡಾಟದಲ್ಲಿ ಮಾಡಿಸಿಬಿಡಿ.



ಇನ್ನು ವಿಮೆ. ಬ್ಯಾಂಕ್ ಮಾಡಿಸಿದ ಬೆಂಕಿ ವಿಮೆ ಸಾಲದ ಜೊತೆಗೇ ನಿಂತುಹೋಗುವುದು ಹೆಚ್ಚು. ಮನೆಗೆಂದೇ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯನ್ನು ನಿಮ್ಮ ಹೆಸರಿನಲ್ಲೇ ಮಾಡಿಸಿ. ಸೈಟಿನ ಬೆಲೆ ಸೇರಿಸಬೇಡಿ, ಮತ್ತೆ ಕಟ್ಟುವ ಖರ್ಚು ಮಾತ್ರ ಲೆಕ್ಕ: 1,200 ಚದರಡಿಗೆ ₹2,500ರಂತೆ ₹30 ಲಕ್ಷ. ಎಲ್‌ಐಸಿ ಪಾಲಿಸಿಯನ್ನು ಬ್ಯಾಂಕಿಗೆ ಅಸೈನ್ ಮಾಡಿದ್ದರೆ (ಸಾಲದ ಭದ್ರತೆಗೆ ಹಕ್ಕು ವರ್ಗಾಯಿಸಿದ್ದರೆ) ಅದನ್ನು ನಿಮ್ಮ ಹೆಸರಿಗೆ ಮರಳಿಸಿಕೊಂಡು ನಾಮಿನಿಯ ಹೆಸರು ಸರಿ ಇದೆಯೇ ನೋಡಿ.

ಈಗ ₹35,000. ಒಂದು ತಿಂಗಳು ಕೈಯಲ್ಲಿ ಉಳಿದರೆ ಅದು ಮನೆಖರ್ಚಿನಲ್ಲಿ ಕರಗುತ್ತದೆ. ಹಾಗಾಗಿ ಕಂತು ಕಡಿತವಾಗುತ್ತಿದ್ದ ಅದೇ ತಾರೀಖಿಗೆ ಅಷ್ಟೂ ಮೊತ್ತ ಬೇರೆಡೆ ಹೋಗುವಂತೆ ಮಾಡಿಡಿ. ಮೊದಲ ಆರು ತಿಂಗಳು ಪೂರ್ತಿ ತುರ್ತು ನಿಧಿಗೆ ಹಾಕಿದರೆ ₹2.1 ಲಕ್ಷ ಆಗುತ್ತದೆ. ಆಮೇಲೆ ನಾನು ಹೀಗೆ ಹಂಚುತ್ತೇನೆ: ₹20,000 ನಿವೃತ್ತಿಗೆ, ₹5,000 ಮನೆ ರಿಪೇರಿಗೆ, ₹5,000 ಆರೋಗ್ಯ ವಿಮೆ ಹೆಚ್ಚಿಸಲು, ಉಳಿದ ₹5,000 ನಿಮ್ಮ ಖುಷಿಗೆ. ರಿಪೇರಿ ನಿಧಿಯನ್ನು ಬಿಡಬೇಡಿ. ಸಾಲ ತೀರುವ ಹೊತ್ತಿಗೆ ಮನೆಗೂ ವಯಸ್ಸಾಗಿರುತ್ತದೆ. ತಾರಸಿ ವಾಟರ್‌ಪ್ರೂಫಿಂಗ್, ಪೈಪ್, ಬೋರ್ ಮೋಟರ್, ಹೊರಗೋಡೆ ಪೇಂಟ್ ಒಟ್ಟೊಟ್ಟಿಗೇ ಬರುತ್ತವೆ.

ತಿಂಗಳಿಗೆ ₹20,000ವನ್ನು ವರ್ಷಕ್ಕೆ 8% ಸಿಕ್ಕರೆ ಹತ್ತು ವರ್ಷ ಹಾಕಿದಾಗ ಸುಮಾರು ₹36.5 ಲಕ್ಷ. ಬೆಲೆಯೇರಿಕೆ 6% ಎಂದಾದರೆ ಅದು ಇಂದಿನ ₹20 ಲಕ್ಷಕ್ಕೆ ಸಮ. ಇದರ ಮೇಲೇ ನಿವೃತ್ತಿ ಕಳೆಯಲು ಆಗುವುದಿಲ್ಲ, ಆದ್ದರಿಂದ ಸಂಬಳ ಏರಿದಂತೆ ಇದನ್ನೂ ಏರಿಸಿ. ವಿಪಿಎಫ್ (ಪಿಎಫ್ ಖಾತೆಗೆ ಸ್ವಇಚ್ಛೆಯಿಂದ ಹೆಚ್ಚುವರಿಯಾಗಿ ಕಟ್ಟುವುದು) ಸುಲಭ ದಾರಿ, ಆದರೆ ನಿಮ್ಮ ವಂತಿಗೆ ಪಿಎಫ್ ಸೇರಿ ವರ್ಷಕ್ಕೆ ₹2.5 ಲಕ್ಷ ಮೀರಿದರೆ ಮೀರಿದ ಭಾಗದ ಬಡ್ಡಿಗೆ ತೆರಿಗೆ ಇದೆ. ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಮಿತಿ ವರ್ಷಕ್ಕೆ ₹1.5 ಲಕ್ಷ. ಉಳಿದದ್ದು, ಷೇರು ಸೂಚ್ಯಂಕವನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡಿನ ತಿಂಗಳ ಕಂತಿನ ಎಸ್‌ಐಪಿಗೆ ಹೋಗಲಿ.

ತೆರಿಗೆಯಲ್ಲಿ ಹಳೆ ಪದ್ಧತಿಯಲ್ಲಿದ್ದರೆ ಸಾಲ ತೀರಿದ ಮೇಲೆ ಗೃಹಸಾಲದ ವಿನಾಯಿತಿ ಸಿಗುವುದಿಲ್ಲ. ಹೊಸ ಪದ್ಧತಿಗೆ ಬದಲಾದರೆ ತೆರಿಗೆ ಉಳಿಯುತ್ತದೆಯೇ ಎಂದು ಆ ವರ್ಷವೇ ಲೆಕ್ಕ ಹಾಕಿಸಿ. ಕೊನೆಯ ವರ್ಷದ ಬಡ್ಡಿ ಪ್ರಮಾಣಪತ್ರ ತೆಗೆದುಕೊಳ್ಳಲು ಮರೆಯಬೇಡಿ.

ನಂಟರು "ಇನ್ನೊಂದು ಸೈಟು ತಗೋ" ಅನ್ನುತ್ತಾರೆ. 47ಕ್ಕೆ ಮತ್ತೆ 15 ವರ್ಷದ ಸಾಲ ಎಂದರೆ ಅದು 62ಕ್ಕೆ ಮುಗಿಯುತ್ತದೆ. ಸಂಬಳ ಅದಕ್ಕೆ ಮುಂಚೆಯೇ ನಿಲ್ಲುತ್ತದೆ.

ಮನೆ ಪೂರ್ತಿ ನಿಮ್ಮದಾದ ಮೇಲೆ ಉಯಿಲು ಬರೆಯಿರಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಇಬ್ಬರು ಸಾಕ್ಷಿಗಳು ಸಹಿ ಹಾಕಲೇಬೇಕು. ಅವರು ನಿಮಗಿಂತ ಕಿರಿಯರಾಗಿರಲಿ, ಆಸ್ತಿಯಲ್ಲಿ ಪಾಲು ಪಡೆಯುವವರು ಆಗಿರದಿರಲಿ.