ಮೊದಲ ಹಾಯಿದೋಣಿ ಎಷ್ಟು ದೊಡ್ಡದಿರಬೇಕು?

ತಾವೇ ಕಟ್ಟಿದ ಹಾಯಿದೋಣಿಯಲ್ಲಿ ಲೋಕ ಸುತ್ತಿದ ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿಯ ‘ಸೆರಾಫಿನ್’ನಂತಹ 24 ಅಡಿಯ ಹಾಯಿದೋಣಿಯನ್ನೇ ಮೊದಲಿಗೆ ಕಟ್ಟಬಹುದೇ ಎಂದು ನೀವಿಬ್ಬರೂ ಕೇಳಿದ್ದೀರಿ. ಬೇಡ ಎನ್ನುತ್ತೇನೆ. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ನೀರಿಗಿಳಿಸಿದ ಲ್ಯಾರಿ ದೋಣಿಗಳ ನಡುವೆಯೇ ಪಳಗಿದವರು. ಎಂಜಿನ್ ಬೇಡವೆಂಬ ಹಟ ಬೇರೆ!

ಬದಲಿಗೆ 1960ರ ದಶಕದ ‘ಮಿರರ್’ ಎಂಬ ಪುಟ್ಟ ಹಾಯಿದೋಣಿಯ ಮಾದರಿ ನೋಡಿ, 11 ಅಡಿಗೂ ಕಡಿಮೆ. ಮರೈನ್ ಪ್ಲೈವುಡ್ (ದೋಣಿಗೆಂದೇ ಮಾಡಿದ ಪ್ಲೈವುಡ್) ಹಾಳೆಗಳ ಅಂಚಿನಲ್ಲಿ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯಬೇಕು, ಸಂದುಗಳಿಗೆ ಅಂಟು ಬಳಿದು ಗ್ಲಾಸ್ ಫೈಬರ್ ಪಟ್ಟಿ ಮೆತ್ತಬೇಕು. ಈ ಎಪಾಕ್ಸಿ ಅಂಟು ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವಂಥದ್ದು; ಬೆರೆಸಿದ ಅಂಟನ್ನು ಡಬ್ಬಿಯಲ್ಲೇ ಬಿಟ್ಟರೆ ಕಾದು ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದುಕೊಳ್ಳಿ. ಒಬ್ಬರು ಬೆರೆಸಿ, ಇನ್ನೊಬ್ಬರು ಬಳಿಯಿರಿ. ಪ್ಲೈವುಡ್‌ನ ಕತ್ತರಿಸಿದ ಅಂಚಿಗೆ ಎರಡು ಸಲ ಎಪಾಕ್ಸಿ ಕುಡಿಸಿ. ನೀರು ಮೊದಲು ನುಗ್ಗುವುದು ಅಲ್ಲಿಂದಲೇ.